ಅಕ್ರಾದಲ್ಲಿ ನಮ್ಮ ಮಿಷನ್ ಸಂಸಾರ: ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ (ಜೊತೆಗೆ ಒಂದು ಗ್ಯಾಸ್ಕೆಟ್ ವಿಷಯ)

ಕೋಲಾರದ ಟೀಚರ್

ಹೋದ ವಾರ ಅಡುಗೆ ವಿಭಾಗದಲ್ಲಿ "ಘಾನಾದಲ್ಲಿ ಕುಕ್ಕರ್ ಗ್ಯಾಸ್ಕೆಟ್ ಎಲ್ಲಿ ಸಿಗುತ್ತೆ" ಅಂತ ಕೇಳಿದ್ದೆ. ಗ್ಯಾಸ್ಕೆಟ್ ಬಗ್ಗೆ ಒಬ್ಬರೂ ಹೇಳಲಿಲ್ಲ. "ಈ ವಯಸ್ಸಿನಲ್ಲಿ ಘಾನಾದಲ್ಲಿ ಏನು ಮಾಡ್ತಿದ್ದೀರಿ" ಅಂತ ಹದಿನೇಳು ಜನ ಕೇಳಿದರು. ಒಬ್ಬೊಬ್ಬರಿಗೆ ಬರೆದು ಸಾಕಾಯಿತು. ಇಲ್ಲೇ ಒಟ್ಟಿಗೆ ಬರೆದುಬಿಡುತ್ತೇನೆ.

ನಾನು ಹೈಸ್ಕೂಲ್ ಟೀಚರ್ ಆಗಿದ್ದವಳು. ನಮ್ಮವರು ಬ್ಯಾಂಕಿನಲ್ಲಿದ್ದರು. ಇಬ್ಬರೂ ರಿಟೈರ್ ಆಗಿದ್ದೇವೆ. ನಾವು ಲ್ಯಾಟರ್-ಡೇ ಸೇಂಟ್ಸ್ ಸಭೆಯವರು. ಜನ ಮಾರ್ಮನ್ ಅನ್ನುವುದು ನಮ್ಮನ್ನೇ. ಬಿಳಿ ಷರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಇಬ್ಬಿಬ್ಬರೇ ಓಡಾಡುವ ಹುಡುಗರನ್ನು ಬೆಂಗಳೂರಿನಲ್ಲೂ ನೀವು ನೋಡಿರಬಹುದು. ಅವರೆಲ್ಲ ಹದಿನೆಂಟು, ಇಪ್ಪತ್ತರ ಪ್ರಾಯದವರು. ಅದೇ ಪಟ್ಟಿ ಹಾಕಿಕೊಂಡು ನಮ್ಮಂಥ ರಿಟೈರ್ ಆದ ಗಂಡ ಹೆಂಡತಿಯೂ ಹೋಗಬಹುದು. ಸಂಬಳ ಇಲ್ಲ. ಖರ್ಚು ನಮ್ಮದೇ. ನಮಗೆ ಬಂದ ಪತ್ರದಲ್ಲಿ ಘಾನಾದ ರಾಜಧಾನಿ ಅಕ್ರಾ ಅಂತ ಇತ್ತು, 18 ತಿಂಗಳು. ಬಂದು 11 ತಿಂಗಳಾಯಿತು.

ದಿನ ಹೇಗೆ ಶುರುವಾಗುತ್ತೆ ಅಂತ ಕೇಳಿದರೆ, ಪೊರಕೆಯ ಸದ್ದಿನಿಂದ. ತಾಳೆಗರಿಯ ಕಡ್ಡಿ ಕಟ್ಟಿ ಮಾಡಿದ ಪೊರಕೆ. ನಮ್ಮ ತೆಂಗಿನ ಕಡ್ಡಿಪೊರಕೆಯ ತಂಗಿ ಅನ್ನಬಹುದು. ಬೆಳಗ್ಗೆ ಐದೂವರೆಗೆ ಪಕ್ಕದ ಅಂಗಳದ ಹುಡುಗಿ ಸೊಂಟ ಬಗ್ಗಿಸಿ, ಮಣ್ಣಿನ ಮೇಲೆ ಗೆರೆ ಗೆರೆ ಮೂಡುವ ಹಾಗೆ ಗುಡಿಸುತ್ತಾಳೆ. ಕಣ್ಣು ಮುಚ್ಚಿಕೊಂಡೇ ಮಲಗಿದ್ದರೆ ನಾನು ಕೋಲಾರದಲ್ಲಿ ನಮ್ಮ ತಾತನ ಮನೆಯಲ್ಲಿದ್ದೇನೆ. ನೀರು ಚಿಮುಕಿಸಿ ರಂಗೋಲಿ ಹಾಕುವುದೊಂದೇ ಬಾಕಿ.

ಎದ್ದ ಕೂಡಲೇ ಮೊದಲು ಕರೆಂಟ್ ಇದೆಯಾ ಅಂತ ನೋಡುವುದು. ಆಮೇಲೆ ಮೇಲಿನ ಟ್ಯಾಂಕಿನಲ್ಲಿ ನೀರಿದೆಯಾ ಅಂತ. ಪ್ರಾರ್ಥನೆ, ಓದು, ತಿಂಡಿ. ಎಂಟಕ್ಕೆ ಆಫೀಸು. ಹೌದು, ಆಫೀಸು! ಮಿಷನ್ ಅಂದರೆ ಮರದ ಕೆಳಗೆ ನಿಂತು ಬೋಧನೆ ಮಾಡುವುದು ಅಂದುಕೊಂಡವರು ನಮ್ಮವರ ಟೇಬಲ್ ನೋಡಬೇಕು. ರಸೀದಿ ಪುಸ್ತಕ, ಬಾಡಿಗೆ ಕರಾರು, ಕರೆಂಟಿನ ಪ್ರೀಪೇಯ್ಡ್ ಮೀಟರಿನ ಲೆಕ್ಕ. ನಮ್ಮ ಮಿಷನ್ನಿನ ಹುಡುಗ ಹುಡುಗಿಯರು ಹತ್ತಾರು ಕಡೆ ಬಾಡಿಗೆ ಮನೆಗಳಲ್ಲಿದ್ದಾರೆ. ಆ ಮನೆಗಳ ಬಾಡಿಗೆ, ನಲ್ಲಿ, ಗ್ಯಾಸ್, ಸೊಳ್ಳೆಪರದೆ, ಹುಡುಗರ ವಾಸದ ಪರವಾನಗಿ, ಇಷ್ಟೂ ನಮ್ಮ ತಲೆಗೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಬಗ್ಗೆ ಗೊಣಗುವವರಿಗೆ ಒಂದು ಮಾತು. ಇಲ್ಲಿ ಮನೆ ಮಾಲೀಕರು ಒಂದು ವರ್ಷದ, ಎರಡು ವರ್ಷದ ಬಾಡಿಗೆಯನ್ನೇ ಮುಂಗಡ ಕೇಳುತ್ತಾರೆ. ಆರು ತಿಂಗಳಿಗಿಂತ ಜಾಸ್ತಿ ಕೇಳಬಾರದು ಅಂತ ಕಾನೂನು ಇದೆ. ಇದ್ದರೆ ಇರಲಿ ಅಂತಾರೆ.

ನನ್ನ ಕೆಲಸ ಹುಡುಗರ ಮನೆ ತಪಾಸಣೆ. ಬಾಗಿಲು ತಟ್ಟುವ ಹದಿನೈದು ನಿಮಿಷ ಮೊದಲು ಫೋನ್ ಮಾಡುತ್ತೇನೆ. ಒಳಗೆ ಪಾತ್ರೆ ದಡಬಡ ಅನ್ನುವುದು ಫೋನಿನಲ್ಲೇ ಕೇಳುತ್ತೆ. ಒಂದು ದಿನ ಹಾಗೆ ಹೋದಾಗ ಫ್ರಿಜ್ ತೆಗೆದರೆ ಅರ್ಧ ಬ್ರೆಡ್ಡು, ಅರ್ಧ ಬಾಟಲಿ ಶಿಟೋ. ಅದು ಒಣಮೀನು, ಮೆಣಸಿನಕಾಯಿ ಹಾಕಿದ ಕಪ್ಪು ಚಟ್ನಿ. ಬೇರೇನೂ ಇಲ್ಲ. ಊಟದ ದುಡ್ಡು ಬಂದು ಇನ್ನೂ ವಾರವಾಗಿಲ್ಲ. ಏನಪ್ಪಾ ಅಂತ ಕೇಳಿದೆ. ಹುಡುಗ ತಲೆ ತಗ್ಗಿಸಿದ. ಪಕ್ಕದಲ್ಲೇ ಹೊಸ ಶೂ ಇತ್ತು. ಹೊಟ್ಟೆ ಚುರ್ ಅಂತು, ನಗುವೂ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇದನ್ನೇ ನೋಡಿದವಳು ನಾನು.

ಕೇಳುವುದಿದ್ದರೆ ಕೇಳಿ. ಸೋಮವಾರ ನಮಗೆ ರಜೆ. ಬಟ್ಟೆ ಒಗೆಯುವುದು, ಸಂತೆ, ಆಮೇಲೆ ಉತ್ತರ.

ಮುದ್ದೆ ಮಂಡ್ಯ

ಟೀಚರಮ್ಮ, ನಮಸ್ಕಾರ. ಮೊದಲ ಪ್ರಶ್ನೆ ಹೊಟ್ಟೆಯದ್ದೇ. ಅಲ್ಲಿ ಏನು ತಿಂತೀರಿ? ಮುದ್ದೆ ಇಲ್ಲದೆ ಯಜಮಾನರು ಹೇಗಿದ್ದಾರೆ? ಇನ್ನೊಂದು, ನಿಮ್ಮ ಸಭೆಯಲ್ಲಿ ಕಾಫಿ ಕುಡಿಯಬಾರದು ಅಂತ ಕೇಳಿದ್ದೇನೆ. ನಿಜಾನಾ? ನಿಜ ಆದರೆ ನಿಮಗೆ ನನ್ನ ಸಂತಾಪ.

ಕೋಲಾರದ ಟೀಚರ್

ನಿಜ. ಕಾಫಿ, ಟೀ ಎರಡೂ ಇಲ್ಲ. ಬಿಟ್ಟು 28 ವರ್ಷ ಆಯಿತು. ಆದರೂ ಬೆಂಗಳೂರಿನಲ್ಲಿ ಕಾಫಿಪುಡಿ ಅಂಗಡಿ ಮುಂದೆ ಹೋಗುವಾಗ ನನ್ನ ನಡಿಗೆ ನಿಧಾನವಾಗುತ್ತೆ. ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಜೀರಿಗೆ ಕೊತ್ತಂಬರಿ ಕಷಾಯ. ಇಲ್ಲಿಯ ಜನ ಬಿಸಿ ಬಿಸಿ ಮೈಲೋ ಅನ್ನುವ ಕೋಕೋ ಪಾನೀಯ ಕುಡಿಯುತ್ತಾರೆ, ಸಂಜೆ ನಾವೂ ಅದನ್ನೇ. ಹೇಗೂ ಇದು ಕೋಕೋ ಬೆಳೆಯುವ ದೇಶ.

ಮುದ್ದೆ ವಿಷಯಕ್ಕೆ ಬಂದರೆ ನೀವು ನಂಬುವುದಿಲ್ಲ. ಇಲ್ಲಿ ಫುಫು ಅಂತ ಇದೆ. ಮರಗೆಣಸು, ಬಾಳೆಕಾಯಿ ಬೇಯಿಸಿ ಮರದ ಒರಳಿನಲ್ಲಿ ಕುಟ್ಟುತ್ತಾರೆ. ಒಬ್ಬ ಉದ್ದ ಒನಕೆ ಎತ್ತಿ ಹಾಕುತ್ತಾನೆ. ಇನ್ನೊಬ್ಬಳು ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಕೈ ಹಾಕಿ ಹಿಟ್ಟು ಮಗುಚುತ್ತಾಳೆ. ನೋಡುವವರಿಗೆ ಜೀವ ಬಾಯಿಗೆ ಬರುತ್ತೆ. ಕೊನೆಗೆ ನುಣ್ಣಗೆ ಉಂಡೆ ಮಾಡಿ ಬಟ್ಟಲಲ್ಲಿಟ್ಟು ಮೇಲೆ ಖಾರದ ತಿಳಿಸಾರು ಸುರಿಯುತ್ತಾರೆ. ಅದಕ್ಕೆ ಲೈಟ್ ಸೂಪ್ ಅಂತ ಹೆಸರು.

ಬಂದ ಎರಡನೇ ಭಾನುವಾರ ಸಭೆಯವರೊಬ್ಬರ ಮನೆಯಲ್ಲಿ ಊಟ. ಪರದೇಶದವರಿಗೆ ಫುಫು ಕಷ್ಟ ಅಂತ ಪಕ್ಕದಲ್ಲಿ ಅನ್ನವನ್ನೂ ಮಾಡಿಟ್ಟಿದ್ದರು. ನಮ್ಮವರು ಬಲಗೈ ತೊಳೆದರು, ಚಿಕ್ಕ ತುತ್ತು ಮುರಿದರು, ಹೆಬ್ಬೆರಳಿನಿಂದ ಗುಳಿ ಮಾಡಿ ಸಾರಿನಲ್ಲಿ ಅದ್ದಿದರು, ಗುಳುಂ. ಅಗಿಯಲೇ ಇಲ್ಲ. ಮನೆಯೊಡತಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. "ಇವರಿಗೆ ನುಂಗುವುದನ್ನು ಯಾರು ಕಲಿಸಿದರು?" ಅಂತ ನನ್ನನ್ನು ಕೇಳಿದರು. ಇವರ ಅಜ್ಜಿ ಅಂದೆ. ಅಂದಿನಿಂದ ಆ ಮನೆಯಲ್ಲಿ ನಮಗೆ ಪಕ್ಕದಲ್ಲಿ ಅನ್ನ ಇಡುವುದಿಲ್ಲ.

ಬೆಳಗಿನ ತಿಂಡಿಗೆ ರಸ್ತೆ ಬದಿಯಲ್ಲಿ ಹೌಸಾ ಕೋಕೋ, ಕೂಸೆ ಸಿಗುತ್ತೆ. ಕೋಕೋ ಅಂದರೆ ಚಾಕೊಲೇಟ್ ಅಲ್ಲ, ಶುಂಠಿ ಹಾಕಿದ ಸಜ್ಜೆ ಅಂಬಲಿ. ಕೂಸೆ ಅಂದರೆ ಅಲಸಂದೆ ವಡೆ. ಅಂಬಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುತ್ತಾರೆ. ಮೂಲೆ ಕಚ್ಚಿ ಹೀರುವುದು. ಉತ್ತರ ಕರ್ನಾಟಕದವರಿಗೆ ಇನ್ನೊಂದು. ವಾಚೆ ಅಂತ ಅನ್ನ ಅಲಸಂದೆ ಒಟ್ಟಿಗೆ ಬೇಯಿಸುತ್ತಾರೆ. ಬಣ್ಣ ಬರಲಿ ಅಂತ ಅದಕ್ಕೆ ಜೋಳದ ದಂಟಿನ ಗರಿ ಹಾಕುತ್ತಾರೆ. ಕೆಂಪಗಾಗುತ್ತೆ. ಜೋಳದ ಗರಿ ದನಕ್ಕೆ ಮಾತ್ರ ಅಂದುಕೊಂಡಿದ್ದೆ ನಾನು.

ತೊಂದರೆ ಇರುವುದು ಇಂಗು, ಕರಿಬೇವು, ತೊಗರಿಬೇಳೆ. ಭಾರತೀಯ ಅಂಗಡಿಗಳಿವೆ, ಸಿಗುತ್ತೆ, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು.

ಸುಮ್ನೆ ಕೇಳ್ದೆ

ಊಟದ ಮಾತೆಲ್ಲ ಚೆನ್ನಾಗಿದೆ ಮೇಡಂ. ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೊನೆಗೆ ಇದು ಮತಾಂತರದ ಕೆಲಸ ತಾನೇ? ಹಿಂದೆ ಬಿಳಿಯರು ನಮ್ಮಲ್ಲಿಗೆ ಬಂದು ಮಾಡಿದ್ದನ್ನು ಈಗ ನೀವು ಆಫ್ರಿಕಾಕ್ಕೆ ಹೋಗಿ ಮಾಡ್ತಿದ್ದೀರಿ. ನಲ್ಲಿ ರಿಪೇರಿ, ಸೊಳ್ಳೆಪರದೆ ಅಂತ ಹೇಳಿದರೆ ವಿಷಯ ಬದಲಾಗುತ್ತಾ?

ನಿರ್ವಾಹಕರು

ಪ್ರಶ್ನೆ ಇರಲಿ, ಉತ್ತರವೂ ಇರಲಿ. ಧರ್ಮದ ಜಗಳಕ್ಕೆ ಹೋದರೆ ಎಳೆ ಮುಚ್ಚುತ್ತೇವೆ.

ಕೋಲಾರದ ಟೀಚರ್

ಬೇಜಾರೇನಿಲ್ಲ. ನನ್ನ ತಮ್ಮನೇ ಇದಕ್ಕಿಂತ ಖಾರವಾಗಿ ಕೇಳಿದ್ದಾನೆ.

ಮಿಷನ್ ಅಂದಮೇಲೆ ಮಿಷನ್ನೇ, ಮುಚ್ಚಿಡುವುದೇನಿಲ್ಲ. ಹುಡುಗರು ಪಾಠ ಹೇಳುತ್ತಾರೆ, ಕೇಳಲು ಇಷ್ಟ ಇದ್ದವರು ಕೇಳುತ್ತಾರೆ. ನಾವು ಆ ಹುಡುಗರ ಮನೆ ನೋಡಿಕೊಳ್ಳುತ್ತೇವೆ. ನಾನು ಈ 11 ತಿಂಗಳಲ್ಲಿ ಒಬ್ಬರ ಮನೆ ಬಾಗಿಲಿಗೂ ಧರ್ಮ ಹೇಳಲು ಹೋಗಿಲ್ಲ. ಹಾಗಂತ ನನ್ನ ಕೆಲಸವೇ ಬೇರೆ, ಅವರ ಕೆಲಸವೇ ಬೇರೆ ಅಂತ ಜಾರಿಕೊಳ್ಳುವುದೂ ಇಲ್ಲ. ಅಡುಗೆ ಮಾಡುವವಳು ಊಟ ಬಡಿಸಿದವಳಲ್ಲ ಅಂತ ಹೇಳೋಕಾಗುತ್ತಾ?

ಇಲ್ಲಿ ಆಗಲೇ ಹತ್ತರಲ್ಲಿ ಏಳು ಜನ ಕ್ರೈಸ್ತರು. ನಮಗಿಂತ ಅವರಿಗೇ ಭಕ್ತಿ ಜಾಸ್ತಿ. ನಮ್ಮ ರಸ್ತೆಯ ಕ್ಷೌರದಂಗಡಿಯ ಹೆಸರಿನಲ್ಲೂ ಯೇಸು, ಟೈರ್ ಅಂಗಡಿಯ ಹೆಸರಿನಲ್ಲೂ ಯೇಸು. ಟ್ರೋಟ್ರೋ ಅಂತ ಮಿನಿಬಸ್ಸು ಓಡುತ್ತವೆ, ಹಿಂದಿನ ಗಾಜಿನ ಮೇಲೆ ದೇವರ ವಾಕ್ಯ ಇಲ್ಲದ ಗಾಡಿ ಅಪರೂಪ. ನಮ್ಮ ಆಟೋಗಳ ಹಿಂದೆ "ತಾಯಿಯ ಆಶೀರ್ವಾದ" ಇರುವ ಹಾಗೆ.

ಬಿಳಿಯರ ಮಾತು ಬಂತಲ್ಲ, ಅದರಲ್ಲಿ ಸತ್ಯ ಇದೆ. ನಮ್ಮ ಸಭೆ 1978ರ ಜೂನ್‌ವರೆಗೆ ಕಪ್ಪು ಜನರಿಗೆ ಯಾಜಕತ್ವ ಕೊಡುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಗಂಟಲಲ್ಲಿ ಮುಳ್ಳು. ಆದರೆ ಘಾನಾದಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಅನ್ನುವವರು 1964ರಿಂದಲೇ ನಮ್ಮ ಸಭೆಯ ಪುಸ್ತಕ ಓದಿ, ತಮ್ಮಷ್ಟಕ್ಕೆ ಸಭೆ ಕಟ್ಟಿ, ಯಾರನ್ನಾದರೂ ಕಳಿಸಿ ಅಂತ ಪತ್ರ ಬರೆಯುತ್ತಲೇ ಇದ್ದರು. ಕೊನೆಗೆ 1978ರ ನವೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಬಂದವರು ಇಬ್ಬರು ಹುಡುಗರಲ್ಲ, ಎರಡು ವಯಸ್ಸಾದ ಜೋಡಿ. ಮೇಬಿ ದಂಪತಿ, ಕ್ಯಾನನ್ ದಂಪತಿ. ಡಿಸೆಂಬರ್ 9ರಂದು ಕೇಪ್ ಕೋಸ್ಟಿನಲ್ಲಿ ಮೊದಲ ದೀಕ್ಷಾಸ್ನಾನ. ಹದಿನಾಲ್ಕು ವರ್ಷ ಕಾದಿದ್ದವರು ಅವರು. ಯಾರು ಯಾರನ್ನು ಹುಡುಕಿಕೊಂಡು ಬಂದರು ಅಂತ ನೀವೇ ಹೇಳಿ.

1989ರ ಜೂನ್‌ನಲ್ಲಿ ಇಲ್ಲಿಯ ಸರ್ಕಾರ ನಮ್ಮ ಸಭೆಯನ್ನು ನಿಷೇಧಿಸಿತು. ಸುಮಾರು ಒಂದೂವರೆ ವರ್ಷ ಬಾಗಿಲಿಗೆ ಬೀಗ. ಜನ ಮನೆಯಲ್ಲೇ ಆರಾಧನೆ ಮಾಡಿಕೊಂಡರು. ಆಗ ಹೊರಗಿನ ಮಿಷನರಿ ಒಬ್ಬರೂ ಇರಲಿಲ್ಲ. ನಮ್ಮ ಸಭೆಯ ಹಿರಿಯರೊಬ್ಬರು ಇದನ್ನು ಹೇಳುವಾಗ ನಮ್ಮಿಬ್ಬರ ಕಡೆ ನೋಡಿ ನಕ್ಕರು. "ನೀವಿಲ್ಲದೆಯೂ ನಡೆಯುತ್ತೆ, ನೀವಿದ್ದರೆ ಲೆಕ್ಕ ಸರಿಯಾಗಿರುತ್ತೆ" ಅಂದರು.

ಸುಮ್ನೆ ಕೇಳ್ದೆ

ಒಪ್ಪಿದೆ ಅಂತ ಹೇಳಲ್ಲ. ಆದರೆ ಜಾರಿಕೊಳ್ಳದೆ ಉತ್ತರ ಕೊಟ್ಟಿರಿ. ಗ್ಯಾಸ್ಕೆಟ್ ಸಿಕ್ತಾ?

ಮೇಲಿನ ಮನೆ

ನಾನು ಬೆಂಗಳೂರಿನವನು, ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಕೆಲವು ವರ್ಷದ ಹಿಂದೆ ನಮ್ಮ ಮೊದಲ ಮಹಡಿಯಲ್ಲಿ ಇದೇ ಥರ ಅಮೆರಿಕದ ವಯಸ್ಸಾದ ಗಂಡ ಹೆಂಡತಿ ಇದ್ದರು. ಅವರು ಏನು ಕೆಲಸ ಮಾಡುತ್ತಿದ್ದರು ಅಂತ ನನಗೆ ಈ ಎಳೆ ಓದಿದ ಮೇಲೇ ಅರ್ಥವಾಗಿದ್ದು. ಆ ಅಜ್ಜ ದಿನಾ ಬೆಳಗ್ಗೆ ಗೇಟಿನ ಹತ್ತಿರ ನಿಂತು ಹಾಲಿನವನಿಗೆ ಕನ್ನಡದಲ್ಲಿ "ಚೆನ್ನಾಗಿದ್ದೀರಾ" ಅನ್ನುತ್ತಿದ್ದರು. ಅವನು ಏನಾದರೂ ಉತ್ತರ ಕೊಟ್ಟರೆ ಮುಗಿಯಿತು, ಮುಂದೆ ಗೊತ್ತಿಲ್ಲ, ಮತ್ತೆ "ಚೆನ್ನಾಗಿದ್ದೀರಾ". ದೀಪಾವಳಿಗೆ ನಮ್ಮ ಅಮ್ಮ ಕಜ್ಜಾಯ ಕೊಟ್ಟಿದ್ದಕ್ಕೆ ಮಾರನೇ ದಿನ ಅದೇ ತಟ್ಟೆಯಲ್ಲಿ ಬಾಳೆಹಣ್ಣಿನ ಬ್ರೆಡ್ ಬಂತು. ತಟ್ಟೆ ಖಾಲಿ ಕೊಡಬಾರದು ಅಂತ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಹೋಗುವ ದಿನ ಅಮ್ಮ ಅತ್ತರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ.

ಟೆಮಾ ಕನ್ನಡಿಗ

ಅಕ್ಕ, ನಾನು ಟೆಮಾದಲ್ಲಿ ಫ್ಯಾಕ್ಟರಿಯಲ್ಲಿದ್ದೇನೆ, ನಿಮ್ಮಿಂದ ಒಂದು ಗಂಟೆ ದಾರಿ. ಇಷ್ಟು ದಿನ ಗೊತ್ತೇ ಇರಲಿಲ್ಲ ನೋಡಿ! ಹಾರ್ಮಟಾನ್ ಹೇಗಾಯಿತು? ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಹಾರಾದಿಂದ ಧೂಳಿನ ಗಾಳಿ ಬರುತ್ತೆ ಓದುಗರೇ. ತುಟಿ ಒಡೆಯುತ್ತೆ, ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತೆ, ಆದರೆ ಒಣಗುವಷ್ಟರಲ್ಲಿ ಮತ್ತೆ ಮಣ್ಣಾಗುತ್ತೆ. ಅಣ್ಣ ಇಲ್ಲಿ ಕಾರು ಓಡಿಸುತ್ತಾರಾ? ನಾನು ಬಂದ ಮೊದಲ ತಿಂಗಳು ಇಂಡಿಕೇಟರ್ ಹಾಕೋಣ ಅಂತ ಪ್ರತಿಸಲ ವೈಪರ್ ಹಾಕಿದ್ದೇನೆ.

ಕೋಲಾರದ ಟೀಚರ್

ಅಯ್ಯೋ, ಟೆಮಾದಲ್ಲಿ ಕನ್ನಡದವರಾ! ಖುಷಿಯಾಯಿತಪ್ಪ.

ಕಾರಿನ ಕಥೆ ಕೇಳಬೇಡ. ಘಾನಾದವರೂ ಮೊದಲು ನಮ್ಮ ಹಾಗೆ ಎಡಗಡೆಯೇ ಓಡಿಸುತ್ತಿದ್ದರಂತೆ, 1974ರ ಆಗಸ್ಟ್ 4ರಂದು ಇಡೀ ದೇಶ ಬಲಕ್ಕೆ ತಿರುಗಿತಂತೆ. ಒಂದೇ ದಿನದಲ್ಲಿ. ನಮ್ಮವರಿಗೆ ಅದೇ ಕೆಲಸಕ್ಕೆ ಎರಡು ತಿಂಗಳು ಬೇಕಾಯಿತು. ಕ್ಲಚ್ ಒತ್ತಿ ಎಡಗೈಯಲ್ಲಿ ಗೇರ್ ಹುಡುಕಿದರೆ ಸಿಗುವುದು ಬಾಗಿಲ ಹಿಡಿ. ಒಂದು ವೃತ್ತದಲ್ಲಿ ಸುತ್ತಿದೆವು, ಸುತ್ತಿದೆವು, ಹೊರಗೆ ಬರುವ ದಾರಿ ಸಿಗಲಿಲ್ಲ. ಮೂರನೇ ಸುತ್ತಿಗೆ ನೀರಿನ ಪ್ಯಾಕೆಟ್ ಮಾರುವ ಹುಡುಗಿ ನಮಗೆ ಕೈ ಬೀಸಿದಳು. ಗುರುತು ಹಿಡಿದಿದ್ದಳು.

ಕರೆಂಟ್ ಹೋಗಿ ಬಂದು ಮಾಡುವುದಕ್ಕೆ ಇಲ್ಲಿ ಒಂದು ಪದವೇ ಇದೆ, ಡುಮ್ಸೋರ್. ಡುಮ್ ಅಂದರೆ ಆರಿಸು, ಸೋ ಅಂದರೆ ಹಚ್ಚು. ನಮ್ಮಲ್ಲಿ ಲೋಡ್ ಶೆಡ್ಡಿಂಗ್ ಅಂತ ಇಂಗ್ಲಿಷ್ ಎರವಲು ತಂದೆವು, ಇವರು ಸ್ವಂತ ಮಾಡಿಕೊಂಡರು. ಹಾಗೆ ಹೋಗಿ ಬಂದು ನಮ್ಮ ಫ್ರಿಜ್ ಸುಟ್ಟುಹೋಯಿತು. ರಿಪೇರಿಯವನು ಬಂದ, ನೋಡಿದ, "ಐ ಆಮ್ ಕಮಿಂಗ್" ಅಂದ, ಎದ್ದು ಹೊರಟೇಹೋದ. ನಮ್ಮವರು ಬಾಗಿಲಲ್ಲಿ ನಿಂತಿದ್ದಾರೆ. "ಬರ್ತೀನಿ ಅಂತ ಹೇಳಿ ಹೋಗ್ತಾನಲ್ಲ, ಇದೆಂಥ ಮಾತು!" ಅಂತ ಸಿಟ್ಟು. ನನಗೆ ನಗು ತಡೆಯಲಾಗಲಿಲ್ಲ. "ರೀ, ಅವನು ಬರ್ತೀನಿ ಅಂದ. ನೀವು ದಿನಾ ಮನೆಯಿಂದ ಹೊರಡುವಾಗ ಏನು ಹೇಳ್ತೀರಿ?" ಅಂದೆ. ಇಲ್ಲಿ ಹೋಗುವವರೆಲ್ಲ ಹಾಗೇ ಹೇಳುವುದು. ನಮ್ಮ "ಹೋಗಿ ಬರ್ತೀನಿ"ಯಲ್ಲಿ ಹೋಗಿ ಅನ್ನುವುದನ್ನು ಬಿಟ್ಟಿದ್ದಾರೆ ಅಷ್ಟೇ. ಫ್ರಿಜ್‌ನವನು ಮಾರನೇ ದಿನ ಬಂದ. ಮಾತಿಗೆ ತಪ್ಪಲಿಲ್ಲ.

ಊಟಕ್ಕೆ ಕೂತವರು ದಾರಿಯಲ್ಲಿ ಹೋಗುವವರಿಗೂ "ಯು ಆರ್ ಇನ್ವೈಟೆಡ್" ಅನ್ನುತ್ತಾರೆ. ಮೊದಲ ಸಲ ನಿಜಕ್ಕೂ ಹೋಗಿ ಕೂರಬೇಕಾ ಅಂತ ಅಮೆರಿಕದ ಹುಡುಗರು ಗಾಬರಿಯಾಗುತ್ತಾರೆ. ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬನ್ನಿ ಊಟ ಮಾಡೋಣ. ಇಲ್ಲ, ಆಯ್ತು, ನೀವು ಮಾಡಿ. ಮುಗಿಯಿತು. ಎಡಗೈಯಲ್ಲಿ ಏನೂ ಕೊಡಬಾರದು ಅನ್ನುವುದೂ ಹಾಗೇ.

ದಾವಣಗೆರೆ ಸೊಸೆ

ಎಲ್ಲರೂ ಖುಷಿಯಾಗಿ ಬರೀತಿದ್ದೀರಿ, ನಾನು ಸ್ವಲ್ಪ ಕಹಿ ಹೇಳ್ತೀನಿ. ನನ್ನ ಅತ್ತೆ ಮಾವನೂ ರಿಟೈರ್ ಆದ ಮೇಲೆ ಸೇವೆ ಅಂತ ಹೊರದೇಶಕ್ಕೆ ಹೋದವರು. ಬೇರೆ ಸಭೆ, ಬೇರೆ ದೇಶ. ನನಗೆ ಅಮ್ಮ ಇಲ್ಲ. ನನ್ನ ಮೊದಲ ಹೆರಿಗೆ ಆದಾಗ ಅತ್ತೆ ಅಲ್ಲಿ ಯಾರದೋ ಮಕ್ಕಳಿಗೆ ಹಾಡು ಕಲಿಸ್ತಾ ಇದ್ದರು. ಫೋಟೋ ಕಳಿಸುತ್ತಿದ್ದರು. ಬಾಣಂತನಕ್ಕೆ ಒಬ್ಬರನ್ನು ದುಡ್ಡು ಕೊಟ್ಟು ಇಟ್ಟುಕೊಂಡೆವು. ಆಕೆ ಹದಿನೆಂಟನೇ ದಿನಕ್ಕೆ ಕೈಕೊಟ್ಟು ಹೋದಳು. ಎಣ್ಣೆ ನೀರು ಹಾಕುವವರಿಲ್ಲ, ಮಗು ರಾತ್ರಿಯೆಲ್ಲ ಅಳುವುದು, ಇವರು ಆಫೀಸಿಗೆ. ಆಮೇಲೆ ಅತ್ತೆ ಬಂದರು, ಚೆನ್ನಾಗಿಯೇ ನೋಡಿಕೊಂಡರು, ಒಳ್ಳೆಯವರು. ಆದರೆ ಆ ನಲವತ್ತು ದಿನ ವಾಪಸ್ ಬರಲಿಲ್ಲ. ಇದನ್ನು ಅವರಿಗೆ ಯಾವತ್ತೂ ಹೇಳಿಲ್ಲ. ಇಲ್ಲಿ ಹೇಳ್ತಿದ್ದೀನಿ. ಟೀಚರ್, ನಿಮಗೆ ಮಕ್ಕಳು ಇಲ್ಲವಾ?

ಕೋಲಾರದ ಟೀಚರ್

ಇದ್ದಾರಮ್ಮ. ನಿನ್ನ ಪೋಸ್ಟ್ ಓದಿ ಮೂರು ದಿನ ಏನೂ ಬರೆಯಲಿಲ್ಲ.

ನಾವು ಇಲ್ಲಿಗೆ ಬಂದ ಆರನೇ ತಿಂಗಳಿಗೆ ನನ್ನ ಮಗಳಿಗೆ ಹೆರಿಗೆ ಆಯಿತು. ಹೊರಡುವಾಗ ಗೊತ್ತಿರಲಿಲ್ಲ, ಬಂದ ಮೇಲೆ ಫೋನಿನಲ್ಲಿ ತಿಳಿಯಿತು. ತೀರಾ ಮುಖ್ಯವಾದ ಕುಟುಂಬದ ವಿಷಯಕ್ಕೆ ಸ್ವಂತ ಖರ್ಚಿನಲ್ಲಿ ಸುಮಾರು ಹತ್ತು ದಿನ ಊರಿಗೆ ಹೋಗಿ ಬರಲು ಅವಕಾಶ ಇದೆ. ನಮ್ಮವರು ಹೋಗು ಅಂದರು. ಮಗಳು, "ಬೇಡಮ್ಮ, ನಮ್ಮತ್ತೆ ಇದ್ದಾರೆ, ಹತ್ತು ದಿನಕ್ಕೆ ಯಾಕೆ ಅಷ್ಟು ದುಡ್ಡು" ಅಂದಳು. ಅದನ್ನು ನಾನು ನಿಜ ಅಂತ ತಗೊಂಡೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಸುಳ್ಳು ಹಿಡಿದವಳು, ಫೋನಿನಲ್ಲಿ ಹಿಡಿಯಲಿಲ್ಲ. ಅಥವಾ ಹಿಡಿಯಲು ಇಷ್ಟವಿರಲಿಲ್ಲವೇನೋ.

ತೊಟ್ಟಿಲಿಗೆ ಹಾಕುವ ದಿನ ಬೆಂಗಳೂರಿನಲ್ಲಿ ಬೆಳಗ್ಗೆ ಹನ್ನೊಂದು, ಇಲ್ಲಿ ಐದೂವರೆ. ವಿಡಿಯೊ ಕಾಲ್ ಹಾಕಿದರು. ಒಂದು ನಿಮಿಷ ಮಗು ತೋರಿಸಿದರು. ಆಮೇಲೆ ಯಾರೋ ಫೋನನ್ನು ಶೆಲ್ಫಿನ ಮೇಲೆ ಒರಗಿಸಿಟ್ಟು ಮರೆತರು. ಅರ್ಧ ಗಂಟೆ ನಾನು ಸೀಲಿಂಗ್ ಫ್ಯಾನ್ ನೋಡಿದೆ. ಹಾಡು ಕೇಳಿಸುತ್ತಿತ್ತು, ತಟ್ಟೆಗಳ ಸದ್ದು, ಯಾರೋ "ಚಿತ್ರಾನ್ನಕ್ಕೆ ನಿಂಬೆಹಣ್ಣು ಸಾಲಲಿಲ್ಲ" ಅಂದದ್ದು. ಕಟ್ ಮಾಡಲಿಲ್ಲ. ಹೊರಗೆ ಹುಡುಗಿ ಗುಡಿಸುತ್ತಿದ್ದಳು.

ಅದೇ ವಾರ ಇಲ್ಲಿ ನಮ್ಮ ಒಬ್ಬ ಹುಡುಗನಿಗೆ ಮಲೇರಿಯಾ ಬಂತು. ಆಸ್ಪತ್ರೆಯಿಂದ ಬಂದವನಿಗೆ ಬಾಯಿ ರುಚಿ ಇಲ್ಲ. ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ತಿಳಿಸಾರು ಮಾಡಿ ಮೆತ್ತಗಿನ ಅನ್ನ ಕಲಸಿಕೊಟ್ಟೆ. ಒಂದು ತುತ್ತು ತಿಂದು, "ಮಮ್ಮಿ, ಇದು ಲೈಟ್ ಸೂಪ್ ಅಲ್ವಾ? ನಮ್ಮಮ್ಮನೂ ಜ್ವರ ಬಂದರೆ ಇದನ್ನೇ ಕೊಡ್ತಾಳೆ" ಅಂದ. ಅವನ ಅಮ್ಮ ಘಾನಾದ್ದೇ ಕುಮಾಸಿ ಊರಿನಲ್ಲಿದ್ದಾಳೆ. ಅವಳ ಮಗನಿಗೆ ನಾನು ಸಾರು ಮಾಡಿಕೊಟ್ಟೆ, ನನ್ನ ಮಗಳಿಗೆ ಅವಳ ಅತ್ತೆ ಖಾರ ಅರೆದು ಕೊಟ್ಟರು. ಲೆಕ್ಕ ಸರಿಹೋಯಿತು ಅಂತ ನಮ್ಮವರು ಹೇಳುತ್ತಾರೆ, ಬ್ಯಾಂಕಿನವರಲ್ಲವಾ. ನನಗೆ ಸರಿಹೋಗಿಲ್ಲ.

ನಿನ್ನ ಅತ್ತೆಗೆ ಹೇಳಮ್ಮ. ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ.

ಜೆಪ್ಪುವಿನವ

ದಾವಣಗೆರೆಯವರ ಮಾತು ಓದಿ ಬರೆಯದೆ ಇರಲಾಗಲಿಲ್ಲ ಮಾರಾಯ್ರೇ. ನಮ್ಮದು ಮಂಗಳೂರು, ಅಜ್ಜನ ಅಪ್ಪ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿದ್ದವರು. ಘಾನಾಕ್ಕೂ ಮಂಗಳೂರಿಗೂ ಹಳೇ ಸಂಬಂಧ ಉಂಟು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದಕ್ಕೂ ಆರು ವರ್ಷ ಮೊದಲು, 1828ರ ಡಿಸೆಂಬರ್‌ನಲ್ಲಿ ಅಕ್ರಾಕ್ಕೆ ಹೋಗಿತ್ತು. ಟೀಚರ್ ಈಗ ಇರುವ ಊರಿಗೇ. ಹೋದವರು ನಾಲ್ವರು. ವರ್ಷ ತುಂಬುವ ಮೊದಲೇ ಮೂವರು ಜ್ವರಕ್ಕೆ ಸತ್ತರು. ನಾಲ್ಕನೆಯವನೂ 1831ರಲ್ಲಿ ತೀರಿಕೊಂಡ. ಮೇಲಿನ ಸೊಳ್ಳೆಪರದೆಯ ಮಾತನ್ನು ತಮಾಷೆ ಅಂದುಕೊಳ್ಳಬೇಡಿ.

ಅಲ್ಲಿ ಕ್ರಿಸ್ಟಾಲರ್ ಅಂತ ಒಬ್ಬರು ಕೂತು ಟ್ವಿ ಭಾಷೆಯ ನಿಘಂಟು ಮಾಡಿದರು, 1881ರಲ್ಲಿ ಬಂತು. ಇಲ್ಲಿ ಕಿಟೆಲ್ ಕೂತು ಕನ್ನಡದ ನಿಘಂಟು 1894ರಲ್ಲಿ ಹೊರತಂದರು. ಇಬ್ಬರೂ ಒಂದೇ ಮಿಷನ್ನಿನವರು. ಇಲ್ಲಿ ಹೆಂಚು, ನೇಯ್ಗೆ ಕಲಿಸಿದ ಹಾಗೆ ಅಲ್ಲಿ ಬಡಗಿ, ಕಮ್ಮಾರರ ಕಾರ್ಯಾಗಾರ ಇಟ್ಟಿದ್ದರು. ಘಾನಾದಲ್ಲಿ ಕೋಕೋ ಕೃಷಿಗೆ ದಾರಿ ಮಾಡಿದ ಟೆಟ್ಟೆ ಕ್ವಾರ್ಶಿ ಅಲ್ಲೇ ಕಮ್ಮಾರಿಕೆ ಕಲಿತವನು. ಟೀಚರ್ ಕುಡಿಯುವ ಮೈಲೋದ ಬೇರು ಎಲ್ಲಿಗೆ ಹೋಯಿತು ನೋಡಿ.

ನಾನು ಹೇಳಬೇಕೆಂದದ್ದು ಇದಲ್ಲ. ಆ ಕಾಲದ ಮಿಷನರಿ ದಂಪತಿಗಳಿಗೆ ಮಕ್ಕಳಾದರೆ ಆರೇಳು ವರ್ಷಕ್ಕೆ ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. ಬಾಸೆಲ್‌ನಲ್ಲಿ 1853ರಲ್ಲಿ ಅದಕ್ಕೇ ಒಂದು ಮಕ್ಕಳ ಮನೆ ತೆರೆದರು. ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿ. ಎಷ್ಟೋ ಅಮ್ಮಂದಿರು ಮತ್ತೆ ನೋಡುವಾಗ ಮಕ್ಕಳು ಗುರುತು ಹಿಡಿಯಲಾರದಷ್ಟು ದೊಡ್ಡವರಾಗಿದ್ದರು. ಮಿಷನರಿಗಳ ಬಗ್ಗೆ ನಾವು ಶಾಲೆ, ಪತ್ರಿಕೆ, ನಿಘಂಟು ಅಂತ ಹೇಳುತ್ತೇವೆ. ಆ ಹೆಂಗಸರ ಲೆಕ್ಕ ಯಾರೂ ಬರೆಯಲಿಲ್ಲ. ಆಗ ಫ್ಯಾನ್ ತೋರಿಸಲಿಕ್ಕೂ ಫೋನ್ ಇರಲಿಲ್ಲ.

ದಾವಣಗೆರೆ ಸೊಸೆ

ಟೀಚರ್, ಫ್ಯಾನ್ ವಿಷಯ ಓದಿ ಅತ್ತೆಗೆ ಕಳಿಸಿದೆ. ನೋಡಿದ್ದಾರೆ, ಉತ್ತರ ಬಂದಿಲ್ಲ. ಸಂಜೆ ಮನೆಗೇ ಬಂದರು, ಏನೂ ಮಾತಾಡದೆ ಮಗುವಿಗೆ ಎಣ್ಣೆ ಹಚ್ಚಿದರು. ಮಗುವಿಗೆ ಈಗ ನಾಲ್ಕು ವರ್ಷ, ಓಡಿ ಓಡಿ ಹೋಗ್ತಿತ್ತು.

ನಿವೃತ್ತ ಹೆಡ್‌ಮಾಸ್ಟರ್

ಸೋದರಿ, ನಾವಿಬ್ಬರೂ ಬೇರೆ ಸಭೆಯವರು. ಹೀಗೆ ಹೋಗುವ ಯೋಚನೆ ಇದೆ. ಕೆಲವು ವ್ಯವಹಾರದ ಮಾತು: ಖರ್ಚು, ಆರೋಗ್ಯ, ತಯಾರಿ. ಮತ್ತೆ ನನ್ನ ಶ್ರೀಮತಿಯವರು ಇನ್ನೊಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ಇಪ್ಪತ್ನಾಲ್ಕು ಗಂಟೆ ಗಂಡನ ಜೊತೆ ಇರುವುದು ಹೇಗೆ?

ಕೋಲಾರದ ಟೀಚರ್

ಶ್ರೀಮತಿಯವರ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ ಸಾರ್, ಅದೇ ಕಷ್ಟದ್ದು.

ಮದುವೆಯಾಗಿ 36 ವರ್ಷ. ಅದರಲ್ಲಿ ಅರ್ಧ ಇವರಿಗೆ ಟ್ರಾನ್ಸ್‌ಫರ್. ಹೊಸಪೇಟೆ, ಚಿಕ್ಕಮಗಳೂರು, ಮತ್ತೆಲ್ಲೋ. ಶನಿವಾರ ರಾತ್ರಿ ಬಂದು ಭಾನುವಾರ ರಾತ್ರಿ ಬಸ್ಸು. ಈಗ ಒಂದೇ ರೂಮಿನಲ್ಲಿ ಎದುರುಬದುರು ಟೇಬಲ್. ನಮ್ಮ ಮಿಷನ್ನಿನಲ್ಲಿ ಒಬ್ಬರನ್ನೊಬ್ಬರು ಎಲ್ಡರ್, ಸಿಸ್ಟರ್ ಅಂತಲೇ ಕರೆಯುವುದು. ನಾನು ಮೊದಲೇ ಹೆಸರು ಹಿಡಿದು ಕರೆದವಳಲ್ಲ, "ರೀ" ಅಂತಿದ್ದೆ. ಈಗ ಆಫೀಸಿನಲ್ಲಿ ಗಂಡ ನನ್ನನ್ನು ಸಿಸ್ಟರ್ ಅಂತಾರೆ! ಮೊದಲ ದಿನ ನನ್ನ ತಂಗಿಗೆ ಹೇಳಿದರೆ ಅವಳು ಫೋನ್ ಕೆಳಗೆ ಹಾಕಿ ನಕ್ಕಳು.

ಜಗಳ ಆಗುತ್ತೆ. ದೊಡ್ಡ ವಿಷಯಕ್ಕಲ್ಲ. ಇವರು ರಸೀದಿಗಳನ್ನು ತಾರೀಕಿನ ಪ್ರಕಾರ ಇಡುತ್ತಾರೆ, ನಾನು ಮನೆಯ ಪ್ರಕಾರ ಇಡುತ್ತೇನೆ. ಒಂದು ದಿನ ಇದೇ ವಿಷಯಕ್ಕೆ ಮಧ್ಯಾಹ್ನದವರೆಗೆ ಮಾತಿಲ್ಲ. ಊರಿನಲ್ಲಾದರೆ ಇವರು ವಾಕಿಂಗ್ ಹೋಗುತ್ತಿದ್ದರು, ನಾನು ಅಕ್ಕನ ಮನೆಗೆ ಹೋಗುತ್ತಿದ್ದೆ. ಇಲ್ಲಿ ಎಲ್ಲಿಗೆ ಹೋಗುವುದು? ಕಾರಿನ ಕೀ ಇವರ ಹತ್ತಿರ, ಅಡುಗೆಮನೆ ನನ್ನ ಹತ್ತಿರ. ಕೊನೆಗೆ ಹಸಿವೆಯೇ ರಾಜಿ ಮಾಡಿಸಿತು. ಇವರಿಗೆ ಈರುಳ್ಳಿ ಹೆಚ್ಚಲು ಬರುತ್ತೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ತುಂಬ ಸಣ್ಣಗೆ ಹೆಚ್ಚುತ್ತಾರೆ. 36 ವರ್ಷ ಬಚ್ಚಿಟ್ಟಿದ್ದರು.

ಇನ್ನು ವ್ಯವಹಾರ. ನಮ್ಮ ಸಭೆಯಲ್ಲಿ ಹೊರದೇಶಕ್ಕೆ ಆರು ತಿಂಗಳಿಗೂ, ಒಂದು ವರ್ಷಕ್ಕೂ ಹೋಗಬಹುದು ಅಂತ 2011ರಲ್ಲಿ ಆಯಿತು. 18 ತಿಂಗಳಿಗಿಂತ ಕಡಿಮೆಯಾದರೆ ವಿಮಾನದ ಟಿಕೆಟ್ ನಾವೇ ತೆಗೆಯಬೇಕು ಅಂತಲೂ ಆಗಲೇ ಆಯಿತು. ನಿಮ್ಮ ಸಭೆಯ ಲೆಕ್ಕ ಬೇರೆ ಇರುತ್ತೆ, ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಪೆನ್ಷನ್ ಬರುವ ಖಾತೆ, ಜೀವನ ಪ್ರಮಾಣಪತ್ರ, ಫೋನಿಗೆ ಬರುವ ಓಟಿಪಿ ಇವನ್ನು ಹೊರಡುವ ಮೊದಲೇ ಸರಿಮಾಡಿಕೊಳ್ಳಿ. ಊರಿನ ಸಿಮ್ ಜೀವಂತ ಇರಲಿ. ಇದನ್ನು ಯಾರೂ ಹೇಳುವುದಿಲ್ಲ.

ಆಫ್ರಿಕಾದ ಈ ಭಾಗಕ್ಕಾದರೆ ಹಳದಿ ಜ್ವರದ ಲಸಿಕೆ ಹಾಕಿಸಿದ ಹಳದಿ ಕಾರ್ಡ್ ಕಡ್ಡಾಯ. ವಾಪಸ್ ಬರುವಾಗ ಭಾರತದಲ್ಲೂ ಅದನ್ನು ನೋಡುತ್ತಾರೆ. 60 ದಾಟಿದವರಿಗೆ ಆ ಲಸಿಕೆಯ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ಹಾಗಾಗಿ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಬಿಪಿ ಮಾತ್ರೆಯ ಚೀಟಿ ಎರಡು ಪ್ರತಿ. ಹಲ್ಲು ಊರಲ್ಲೇ ತೋರಿಸಿಕೊಂಡು ಬನ್ನಿ.

ದುಡ್ಡಿನ ಲೆಕ್ಕದಲ್ಲಿ ಒಂದು ತಮಾಷೆ. ನಮ್ಮ ರೂಪಾಯಿಯ ಹಾಗೆ ಇಲ್ಲಿಯ ದುಡ್ಡು ಸೀಡಿ. 2007ರಲ್ಲಿ ಇಲ್ಲಿ ಹಳೇ ಹತ್ತು ಸಾವಿರ ಸೀಡಿಯನ್ನು ಹೊಸ ಒಂದು ಸೀಡಿ ಮಾಡಿದರು. ವಯಸ್ಸಾದವರು ಕೆಲವರು ಇನ್ನೂ ಹಳೇ ಲೆಕ್ಕದಲ್ಲೇ ಬೆಲೆ ಹೇಳುತ್ತಾರೆ. ಸಂತೆಯಲ್ಲಿ ಒಬ್ಬ ಅಜ್ಜಿ ಕೆಸುವಿನ ಸೊಪ್ಪಿನ ಕಟ್ಟಿಗೆ ಐವತ್ತು ಸಾವಿರ ಅಂದಾಗ ನಮ್ಮವರ ಮುಖ ನೋಡಬೇಕಿತ್ತು. ಐದು ಸೀಡಿ. ಈಗ ಇವರೂ ಅಜ್ಜಿಯ ಜೊತೆ ಲಕ್ಷದಲ್ಲೇ ಚೌಕಾಸಿ ಮಾಡುತ್ತಾರೆ. ಅವರ ಇಡೀ ಸರ್ವೀಸಿನಲ್ಲಿ ಇಷ್ಟು ಖುಷಿ ಕಂಡಿರಲಿಲ್ಲ ಅನ್ನಿಸುತ್ತೆ.

ಟೆಮಾ ಕನ್ನಡಿಗ

ಅಕ್ಕ, ನಾನು ಶುಕ್ರವಾರ ಊರಿಗೆ ಹೊರಟಿದ್ದೇನೆ, ಮೂರು ವಾರದಲ್ಲಿ ವಾಪಸ್. ಗ್ಯಾಸ್ಕೆಟ್ ತರುತ್ತೇನೆ. ಎಷ್ಟು ಲೀಟರ್? ಮುಚ್ಚಳ ಒಳಗೆ ಕೂರುವುದಾ, ಹೊರಗೆ ಕೂರುವುದಾ? ಇಂಗು, ಸಾರಿನಪುಡಿ ಬೇಕಿದ್ದರೂ ಹೇಳಿ, ಎರಡು ಕೇಜಿ ಜಾಗ ಇದೆ.

ಕೋಲಾರದ ಟೀಚರ್

ಐದು ಲೀಟರ್, ಒಳಮುಚ್ಚಳ. ಫೋಟೋ ಹಾಕಿದ್ದೇನೆ. ಎರಡು ತಾರಪ್ಪ, ಹಳೇದಕ್ಕೆ ದಾರ ಸುತ್ತಿ ನಡೆಸುತ್ತಿದ್ದೇನೆ. ಇಂಗು ಒಂದು ಡಬ್ಬಿ ಸಾಕು. ಉಳಿದ ಜಾಗಕ್ಕೆ ನನ್ನ ಮಗಳು ಒಂದು ಚಿಕ್ಕ ಪೊಟ್ಟಣ ಕೊಡುತ್ತಾಳಂತೆ, ಏನು ಅಂತ ಹೇಳುತ್ತಿಲ್ಲ. ಅವಳ ನಂಬರ್ ನಿನಗೆ ಬೇರೆಯಾಗಿ ಕಳಿಸುತ್ತೇನೆ.

ಹೋಗಿ ಬಾ. ಇಲ್ಲಿಯವರ ಹಾಗೆ ಹೇಳುವುದಾದರೆ, ಬರ್ತೀನಿ ಅಂತ ಹೇಳಿ ಹೊರಡು.